ಜಯಕ್ಕ ದೋಣಿ ನೋಡಲು ಹೋದದ್ದು

ನಮ್ಮ ಸೋದರತ್ತೆ ಜಯಕ್ಕ ಏನನ್ನು ಕೊಳ್ಳಲು ಹೋದರೂ ಮೊದಲು ಅದನ್ನು ಬೈಯುತ್ತಾಳೆ. ಸೀರೆಯಾದರೂ ಸರಿ, ಟಗರಾದರೂ ಸರಿ. ಬೈದಷ್ಟೂ ಬೆಲೆ ಇಳಿಯುತ್ತದೆ ಎಂಬುದು ಅವಳ ನಂಬಿಕೆ. ಅಂಥವಳು ಆ ದೋಣಿಯ ಮುಂದೆ ತುಟಿ ಬಿಚ್ಚದೆ ನಿಂತುಬಿಟ್ಟಾಗ ನನಗೆ ಗಾಬರಿಯಾಯಿತು. ಅತ್ತೆ ಮನಸೋತಿದ್ದಳು.

ನಾನು ಜುಂಜೇಶ, ಹೊಸದುರ್ಗದಲ್ಲಿ ಬೈಕ್ ರಿಪೇರಿ ಮಾಡುವವನು. ಅತ್ತೆ ಇರುವುದು ವಾಣಿವಿಲಾಸ ಸಾಗರದ ಹಿನ್ನೀರಿನ ಅಂಚಿನ ನಮ್ಮ ಗೊಲ್ಲರ ಹಟ್ಟಿಯಲ್ಲಿ. ಮದುವೆಯಾದ ವಾರಕ್ಕೇ ಕೋಲು ಹಿಡಿದು ಕುರಿ ಹಿಂದೆ ಹೋದವಳು ಇವತ್ತಿನವರೆಗೂ ಆ ಕೋಲು ಕೆಳಗಿಟ್ಟಿಲ್ಲ. ಒಂದೊಂದು ಕುರಿಯ ಅಜ್ಜಿಯ ಗುಣವನ್ನೂ ಹೇಳಬಲ್ಲಳು. ನನ್ನ ಹೆಂಡತಿಯ ಹೆಸರು ಮಾತ್ರ ಆಗಾಗ ಮರೆಯುತ್ತಾಳೆ.

ಅಣೆಕಟ್ಟು ತುಂಬಿ ಕೋಡಿ ಬಿದ್ದಾಗ ಸೀಮೆಗೆಲ್ಲ ಹಬ್ಬ. ಅತ್ತೆಯೂ ಹೊಸ ಸೀರೆಯುಟ್ಟು ಬಾಗಿನ ಬಿಟ್ಟು ಬಂದಳು. ಬಂದು ನೋಡಿದರೆ ಹಟ್ಟಿಗೂ ಕರೇಗುಡ್ಡಕ್ಕೂ ನಡುವಿನ ಹಳ್ಳವೆಲ್ಲ ನೀರು. ಹುಲ್ಲು ಆಚೆ, ಕುರಿ ಈಚೆ. ಕೂಗಿದರೆ ಕೇಳುವಷ್ಟೇ ದೂರ, ಆದರೆ ಆಳ ಯಾರಿಗೂ ಗೊತ್ತಿಲ್ಲ. ಸುತ್ತಿ ಹೋಗೋಣವೆಂದರೆ ದಾರಿಯುದ್ದಕ್ಕೂ ತೆಂಗಿನ ತೋಟಗಳು, ತಂತಿಬೇಲಿ, ತೋಟದವರ ಬೈಗುಳ. ಈಚೆ ದಡದ ಮೇವು ಎರಡೇ ತಿಂಗಳಿಗೆ ಮುಗಿಯಿತು. ಅತ್ತೆಯ ಗಂಡ ಗೊಲ್ಲಪ್ಪ ಮಾವ ಸೋತು, ಹಿಂಡನ್ನೇ ಮಾರಿಬಿಡೋಣ ಎಂದು ಕುರಿ ವ್ಯಾಪಾರಿ ಮುನಿಯಪ್ಪನಿಗೆ ಭಾನುವಾರ ಬರಲು ಹೇಳಿಬಿಟ್ಟ. ಅತ್ತೆ ಎರಡು ದಿನ ಉಣ್ಣಲಿಲ್ಲ.

ಆಗಲೇ ನನ್ನ ಫೋನಿಗೆ ಆ ದೋಣಿಯ ಫೋಟೋ ಬಂತು. ಹಿರಿಯೂರಿನ ರಾಜಕುಮಾರ್ ಎಂಬವರು ಪ್ರವಾಸಿಗರನ್ನು ಸುತ್ತಾಡಿಸಲೆಂದು ಕರಾವಳಿಯಿಂದ ತರಿಸಿದ್ದ ದೋಣಿ. ವ್ಯಾಪಾರ ಕುದುರದೆ ಮಾರಲಿಕ್ಕಿಟ್ಟಿದ್ದರು. ಬೆಲೆ ಕೇಳಿದರೆ ನಂಬಲಿಕ್ಕಾಗದು, ಹಳೇ ಬೈಕೊಂದರ ಬೆಲೆ! ಹಿಂದೆ ಜೋಡಿ ಇಂಜಿನ್, ಕಪ್ಪಗೆ ಮಿರಮಿರ ಮಿಂಚುತ್ತಿದ್ದವು. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಮಾರನೇ ದಿನ ಹಟ್ಟಿಗೆ ಹೋಗಿ ಅತ್ತೆಗೆ ತೋರಿಸಿ, ರಾತ್ರಿ ಅಲ್ಲೇ ಉಳಿದೆ.

ರಾಜಕುಮಾರ್ ಹತ್ತು ಗಂಟೆಗೆ ಬರಲು ಹೇಳಿದ್ದರು. ಅತ್ತೆ ನಸುಕಿಗೇ ನನ್ನನ್ನು ಎಬ್ಬಿಸಿದಳು.

"ಮಾರೋರು ಹೇಳಿದ ಹೊತ್ತಿಗೆ ಹೋಗಬಾರ್ದು ಕಣೋ. ಟಗರಿಗೆ ಉಪ್ಪು ತಿನ್ಸಿ, ನೀರು ಕುಡ್ಸಿ, ಹೊಟ್ಟೆ ಉಬ್ಸಿ ನಿಲ್ಸಿರ್ತಾರೆ. ಎದ್ದೇಳು, ಹೋಗಾಣ."

ದೋಣಿ ನಿಲ್ಲಿಸಿದ್ದ ದಡಕ್ಕೆ ನಾವು ಹೋದಾಗ ರಾಜಕುಮಾರ್ ಇನ್ನೂ ಹಲ್ಲುಜ್ಜುತ್ತಿದ್ದರು. ಇಂಜಿನ್ ಎರಡೂ ತಣ್ಣಗಿದ್ದವು. ಒಂದು ಕೀಲಿ ತಿರುಗಿಸಿದ ಕೂಡಲೇ ಗುಡುಗಿತು. ಇನ್ನೊಂದು ಕೆಮ್ಮಿತು, ಉಗುಳಿತು, ತುಂಬ ಹೊತ್ತು ಗೋಗರೆದ ಮೇಲೆ ಎದ್ದಿತು.

"ಅದು ಸ್ವಲ್ಪ ಸೋಮಾರಿ ಕಣಮ್ಮ," ಎಂದರು ರಾಜಕುಮಾರ್. ಒಳ್ಳೆಯ ಮನುಷ್ಯ, ಏನನ್ನೂ ಮುಚ್ಚಿಡಲಿಲ್ಲ. "ಸಾಮಾನು ಮಂಗಳೂರಿಂದ ಬರ್ಬೇಕು. ಒಂದು ಸಲ ರಿಪೇರಿಗೆ ಬಿಚ್ಚಿದ್ರೆ ದೋಣಿ ಬೆಲೆಯಷ್ಟೇ ದುಡ್ಡು ಹೋಗುತ್ತೆ. ಇಂಜಿನ್ ಮಾತ್ರ ಕೊಡ್ತೀರಾ ಅಂತ ಮಂಗಳೂರೋರು ದಿನಾ ಫೋನ್ ಮಾಡ್ತಾರೆ. ಕೊಟ್ಟರೆ ಆಮೇಲೆ ಈ ಬರೀ ದೋಣೀನ ಯಾರು ತಗಂತಾರೆ ಹೇಳ್ರಿ?"

ಒಂದು ಸುತ್ತು ಹೋದೆವು. ಅಬ್ಬಾ! ಮೂತಿ ಮೇಲೆತ್ತಿ ನೀರನ್ನು ಸೀಳಿಕೊಂಡು ಅದು ನುಗ್ಗಿತು. ನಾನು ಹುಚ್ಚನ ಹಾಗೆ ಕೇಕೆ ಹಾಕಿದೆ. ಅತ್ತೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ತಲೆ ಮೇಲಿನ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ದೋಣಿಯ ತಳವನ್ನು ಅಂಗೈಯಿಂದ ತಟ್ಟಿ ತಟ್ಟಿ ನೋಡುತ್ತಿದ್ದಳು. ಆ ಒಂದು ಸುತ್ತಿಗೆ ದೋಣಿ ಕುಡಿದ ಪೆಟ್ರೋಲಿನಲ್ಲಿ ನನ್ನ ಬೈಕು ಹೊಸದುರ್ಗಕ್ಕೆ ಮೂರು ಸಲ ಹೋಗಿಬರುತ್ತಿತ್ತು.

ಕೇಳಿದ ಮಾವ ನಕ್ಕುಬಿಟ್ಟ. "ಮೂಗಿಗಿಂತ ಮೂಗುತಿ ಭಾರ ಆತಲ್ಲೇ! ಕುರಿ ಮೇಯ್ಸಾಕೆ ಪೆಟ್ರೋಲಾ?"

ಮಾವ ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ತಲೆಯಲ್ಲಿ ಇಂಜಿನ್ ಓಡುತ್ತಲೇ ಇತ್ತು. ಸೋಮಾರಿಯನ್ನು ನಾನೇ ಬಿಚ್ಚಿ ರಿಪೇರಿ ಮಾಡುತ್ತೇನೆ ಅತ್ತೆ ಎಂದೆ. ಅವಳು ರಾಜಕುಮಾರ್‌ಗೆ ಫೋನ್ ಮಾಡಿಸಿ ಹೇಳಿದಳು: "ಭಾನುವಾರ ಬೆಳಿಗ್ಗೆ ನಮ್ಮ ದಡಕ್ಕೆ ತಗಂಡ್ ಬರ್ರಿ. ಹತ್ತೋದು ನಾನಲ್ಲ, ಕುರಿ. ಕುರಿ ಒಪ್ಪಿದ್ರೆ ನಾನೂ ಒಪ್ಪಿದೆ."

ಭಾನುವಾರ ಹಟ್ಟಿಗೆ ಹಟ್ಟಿಯೇ ದಡದಲ್ಲಿ ನೆರೆಯಿತು. ಅತ್ತೆಯ ಹಿಂಡಿನ ಮುಂದಾಳು ಒಂದು ಗಡ್ಡದ ಹೋತ. ಅದು ಎಲ್ಲಿ ನಡೆದರೆ ಕುರಿಗಳೆಲ್ಲ ಅಲ್ಲಿಗೆ. ಗುಡ್ಡಗಾಡಿನಲ್ಲಿ ನಮ್ಮವರ ಪದ್ಧತಿಯೇ ಹಾಗೆ, ಹೋತವನ್ನು ಮುಂದೆ ಬಿಡು, ಹಿಂಡಿನ ಚಿಂತೆ ಬಿಡು. ಅತ್ತೆ ಅದನ್ನೇ ಮೊದಲು ದೋಣಿಯ ಮೂತಿಗೆ ಹತ್ತಿಸಿದಳು. ಹಿಂದೆಯೇ ಹದಿನೈದು ಕುರಿ ಹತ್ತಿ ನಿಂತವು. ಉಳಿದವು ದಡದಲ್ಲಿ. ಮರಿಗಳು ಹಟ್ಟಿಯ ರೊಪ್ಪದ ಬೇಲಿಯೊಳಗೇ ಇದ್ದವು.

"ನಮ್ಮ ಹೋತ ಐತಲ್ಲ, ಗುಡುಗಿಗೂ ಹೆದರಲ್ಲ," ಎಂದು ಅತ್ತೆ ಜಂಬದಿಂದ ರಾಜಕುಮಾರ್‌ಗೆ ಹೇಳಿದಳು.

ಅತ್ತೆ ಮತ್ತೆ ಜಾಕೆಟ್ ತೊಟ್ಟು ಹತ್ತಿದಳು, ಹಿಂದೆಯೇ ರಾಜಕುಮಾರ್ ಹತ್ತಿದರು, ನಾನೇ ಕೀಲಿ ತಿರುಗಿಸಿದೆ. ಸ್ವಲ್ಪ ದೂರ ಮೆಲ್ಲಗೆ ಹೋಗಿ ಎರಡೂ ಇಂಜಿನ್‌ಗಳನ್ನು ಜೋರು ಮಾಡಿದ್ದೇ ತಡ, ಹೋತ ಚಂಗನೆ ನೆಗೆದು ನೀರಿಗೆ ಬಿತ್ತು. ಅದರ ಹಿಂದೆ ಒಂದು ಕುರಿ, ಇನ್ನೊಂದು, ಮತ್ತೊಂದು. ದಬದಬ ಹದಿನೈದೂ ನೀರಿಗೆ!

"ನಿಲ್ಸಲೇ! ಇಂಜಿನ್ ನಿಲ್ಸಲೇ, ಜುಂಜಾ!" ಅತ್ತೆಯ ಕಿರುಚಾಟಕ್ಕೆ ನನ್ನ ಕೈ ತಾನಾಗಿ ಕೀಲಿ ಕಿತ್ತಿತು.

ಕೆರೆಯಲ್ಲಿ ಮೈ ತೊಳೆಸುವಾಗ ಕುರಿ ಈಜುವುದನ್ನು ಎಲ್ಲರೂ ನೋಡಿದ್ದೆವು, ಆದರೆ ಇಷ್ಟು ಅಗಲದ ನೀರಿಗೆ ಯಾರೂ ಬಿಟ್ಟವರಲ್ಲ. ಹೋತ ಹಿಂದೆ ತಿರುಗಲಿಲ್ಲ. ಗಡ್ಡ ಮೇಲೆತ್ತಿ ನೇರ ಕರೇಗುಡ್ಡದ ಕಡೆಗೆ ಹೊರಟಿತು. ಹಳೇ ಹುಲ್ಲಿನ ವಾಸನೆ ಸಿಕ್ಕಿತೋ ಏನೋ. ಅದನ್ನು ಕಂಡು ದಡದಲ್ಲಿದ್ದ ಕುರಿಗಳೂ ಒಂದೊಂದೇ ನೀರಿಗಿಳಿದವು. ಮಾವ ತಡೆಯಲು ಓಡಿ ಕೆಸರಲ್ಲಿ ಜಾರಿ ಕೂತ. ನೋಡನೋಡುತ್ತ ಹಿನ್ನೀರಿನ ತುಂಬ ಬರೀ ತಲೆಗಳು.

"ಹುಟ್ಟು ಹಾಕ್ರಲೇ, ಪಕ್ಕದಲ್ಲೇ ಇರಾಣ!" ಎಂದಳು ಅತ್ತೆ. ರಾಜಕುಮಾರ್ ಒಂದು ಕಡೆ, ನಾನು ಒಂದು ಕಡೆ ಹುಟ್ಟು ಹಾಕಿದೆವು. ಇಂಜಿನ್ ಸುಮ್ಮನಾದ ಮೇಲೆ ಅತ್ತೆಯ "ಹರ್ರ್... ಹರ್ರ್..." ಎಂಬ ಕೂಗು ನೀರಿನ ಮೇಲೆಲ್ಲ ಕೇಳುತ್ತಿತ್ತು. ಆ ಕೂಗಿಗೆ ಅವು ಚದುರಲಿಲ್ಲ. ನಡುನೀರಿನಲ್ಲಿ ಎರಡು ಮುದಿ ಕುರಿಗಳು ಸೋತು ಮುಳುಗತೊಡಗಿದವು. ಅತ್ತೆ ಬಗ್ಗಿ ಕುತ್ತಿಗೆಗೆ ಕೈಹಾಕಿ ಒಂದೊಂದನ್ನೇ ಒಳಗೆಳೆದುಕೊಂಡಳು. ಒದ್ದೆ ಉಣ್ಣೆಯ ಭಾರಕ್ಕೆ ಅವಳೇ ನೀರಿಗೆ ಬೀಳುವುದರಲ್ಲಿದ್ದಳು, ನಾನು ಜಾಕೆಟ್ ಹಿಡಿದುಕೊಂಡೆ.

ಹೋತ ಮೊದಲು ದಡ ಹತ್ತಿ ಮೈ ಕೊಡವಿತು. ಹಿಂದೆ ಇಡೀ ಹಿಂಡು. ಅತ್ತೆ ಬೆರಳು ತೋರಿಸುತ್ತ ಒಂದೊಂದರ ಹೆಸರು ಹಿಡಿದು ಕರೆದಳು. ಒಂದೂ ಕಮ್ಮಿಯಿರಲಿಲ್ಲ. ಮೊಣಕಾಲೆತ್ತರದ ಹುಲ್ಲಿಗೆ ಅವು ಬಾಯಿ ಹಾಕಿದ ಶಬ್ದ ಕೇಳಿ ಅತ್ತೆ ಅಲ್ಲೇ ಕುಕ್ಕರಿಸಿ, ನಗುತ್ತ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು.

ರಾಜಕುಮಾರ್ ಪಾಪ, ವ್ಯಾಪಾರ ಮುರಿಯಿತೆಂದು ಸಪ್ಪಗಾಗಿದ್ದರು.

"ಮುಖ ಯಾಕಪ್ಪ ಹಂಗ್ ಮಾಡ್ತೀಯ?" ಎಂದಳು ಅತ್ತೆ ಕಣ್ಣೊರೆಸಿಕೊಂಡು. "ಇಂಜಿನ್ ಎರಡೂ ಬಿಚ್ಚಿ ನಿನ್ನ ಮಂಗಳೂರೋರಿಗೆ ಕೊಡು. ಬರೀ ದೋಣಿ ನಂದು. ಮರಿ, ಮುದುಕಿ, ಬಸ್ರಿ ಕುರಿ ಅದ್ರಾಗೆ. ಮಿಕ್ಕವು ಈಜ್ಕಂಡ್ ಬರ್ತಾವೆ. ಹುಟ್ಟು ಹಾಕಾಕೆ ಜುಂಜ ಅವ್ನೆ."

ರಾಜಕುಮಾರ್ ವ್ಯಾಪಾರ ಒಪ್ಪಿ ಎರಡೂ ಕೈ ಚಾಚಿದರು. ನಾನು ಮಾತ್ರ ಆ ಕಪ್ಪು ಜೋಡಿಯ ಮೇಲೆ ಕೈಯಾಡಿಸುತ್ತ ಅಂಗೈಯ ಬೊಬ್ಬೆ ನೋಡಿಕೊಂಡೆ.

ಅಷ್ಟರಲ್ಲಿ ಅತ್ತೆಯ ಫೋನ್ ಬಡಿದುಕೊಂಡಿತು. ಆಚೆ ದಡದಿಂದ ಮಾವನ ಕೂಗು ನನಗೂ ಕೇಳಿಸುತ್ತಿತ್ತು.

"ಮುನಿಯಪ್ಪ ಲಾರಿ ತಗಂಡ್ ಬಂದು ಕುಂತವ್ನೆ ಕಣೇ! ಕುರಿ ಎಲ್ಲಿ ಅಂತಾನೆ, ಏನ್ ಹೇಳ್ಲಿ?"

ಅತ್ತೆ ಲೈಫ್ ಜಾಕೆಟ್ ಬಿಚ್ಚಿ ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಕಾಲು ಚಾಚಿ ಕೂತಳು.

"ಗುಡ್ಡದ ಮೇಲವೆ ಅನ್ನು. ಬೇಕಾದ್ರೆ ಈಜ್ಕಂಡ್ ಬಂದು ಹಿಡ್ಕಳಾಕೆ ಹೇಳು."