ಕಡಲಿಗೆ ಬಿಟ್ಟ ಹೆಸರುಗಳು

ಮೊನ್ನೆ ಕಿಟಕಿಯಾಚೆ ಒಣಹಾಕಿದ್ದ ಸೀರೆಯನ್ನು ಒಳಗೆ ತಂದರೆ ಅದರ ತುಂಬ ಸುಟ್ಟ ಕಾಗದದ ವಾಸನೆ. ಚೀನೀಯರ ಏಳನೆಯ ತಿಂಗಳು. ಕೆಳಗೆ ತೀರಿಹೋದ ಹಿರಿಯರಿಗೆಂದು ಕಾಗದದ ಪೊಟ್ಟಣ ಸುಡುತ್ತಿದ್ದರು. ನನ್ನ ಎಡಗೆನ್ನೆ ತಾನಾಗಿಯೇ ಉರಿಯಿತು... ಇಷ್ಟು ವರ್ಷವಾದರೂ ಆ ಪೆಟ್ಟು ಮರೆತಿಲ್ಲ.

ಹೊಡೆದವರು ಕ್ಲೆಮೆಂಟಿಯ ನಮ್ಮ ಪಕ್ಕದ ಫ್ಲ್ಯಾಟಿನ ಚೀನೀ ಅಂಕಲ್. ಒಳ್ಳೆಯವರು ಅಂದರೆ ಸುಳ್ಳಾದೀತು, ಮಹಾ ಮುಂಗೋಪಿ. ಅವರ ಹಾಲ್‌ನಲ್ಲಿ ಕೆಂಪು ಪೀಠ, ಅದರ ಮೇಲೆ ಹಿರಿಯರ ಮರದ ಫಲಕ. ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ, ಚಹಾ. ತಮ್ಮ ನಂತರ ಮಗ ಇದನ್ನು ನಡೆಸಿಕೊಂಡು ಹೋಗಬೇಕು ಅನ್ನುವುದೊಂದೇ ಅವರ ಹಟ.

ಮಗ ಹೊಸ ಕಾಂಡೋ ಮನೆಗೆ ಶಿಫ್ಟ್ ಆಗುವವನಿದ್ದ. ಒಂದು ಭಾನುವಾರ ಬೆಳಿಗ್ಗೆ, ಅಲ್ಲಿ ಫಲಕಕ್ಕೆ ಜಾಗವಿಲ್ಲ ಅಂದುಬಿಟ್ಟ. ಕಿರುಚಾಟ ಶುರುವಾಯಿತು.

"ಸುಮ್ನೆ ಕೂತ್ಕೊ ಮಾರಾಯ್ತಿ, ಅವ್ರ ಮನೆ ಜಗಳ ನಮಗ್ಯಾಕೆ?" ಅಂದರು ನಮ್ಮವರು. ನಾನು ಕೇಳಬೇಕಲ್ಲ!

ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಮಗ ಫಲಕವನ್ನೆತ್ತಿ ನೆಲಕ್ಕೆ ಅಪ್ಪಳಿಸಿದ. ಅದು ಎರಡು ಹೋಳಾಯಿತು. ಅಂಕಲ್ ಊದುಬತ್ತಿಯ ಕಂಚಿನ ಪಾತ್ರೆ ಎತ್ತಿ ಅವನ ಹಣೆಗೆ ಬೀಸಿದರು. ಬೂದಿ, ರಕ್ತ ಎಲ್ಲ ಒಂದಾಯಿತು. ಮಗ ತಳ್ಳಿದ ರಭಸಕ್ಕೆ ಅಂಕಲ್‌ರ ತಲೆ ಪೀಠದ ಮೂಲೆಗೆ ಬಡಿಯಿತು. ಇಬ್ಬರನ್ನೂ ಆಂಬುಲೆನ್ಸ್‌ನಲ್ಲಿ ಒಯ್ದರು.

ನೆಲದ ರಕ್ತ ಒರೆಸಿದವಳು ನಾನು. ನಮ್ಮ ಉಡುಪಿ ಕಡೆ ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ನೀರಿಗೆ ಬಿಡುತ್ತಾರೆ. ಅವತ್ತೇ ಟ್ಯಾಕ್ಸಿ ಹಿಡಿದು ಪಾಸಿರ್ ಪಂಜಾಂಗ್ ಕಡೆಯ ಸಮುದ್ರಕ್ಕೆ ಹೋಗಿ, ಹೂವಿಟ್ಟು, ಕೈಮುಗಿದು ಎರಡೂ ಹೋಳು ಬಿಟ್ಟು ಬಂದೆ. ಪುಣ್ಯ ಕಟ್ಟಿಕೊಂಡೆ ಅಂತ ಬೀಗಿದೆ ಬೇರೆ!

ಮೂರನೆಯ ದಿನ ಅಂಕಲ್ ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದರು. ಕೈಯಲ್ಲಿ ಮರ ಅಂಟಿಸುವ ಗೋಂದಿನ ಬಾಟಲಿ.

"ಫಲಕ ಎಲ್ಲಿ?"

ಹೇಳಿದೆ. ಕೆನ್ನೆಗೆ ಬಿದ್ದ ಏಟಿಗೆ ಮುಖ ಗ್ರಿಲ್ ಬಾಗಿಲಿಗೆ ಬಡಿದು ತುಟಿ ಒಡೆಯಿತು. ಕತ್ತಿನ ಪಟ್ಟಿ ಹಿಡಿದು ಅಲ್ಲಾಡಿಸಿದರು. "ಫಲಕದ ಒಳಮೈಯಲ್ಲಿ ಹೆಸರಿತ್ತು! ಆರು ತಲೆಮಾರಿನ ಹೆಸರು! ಬೇರೆಲ್ಲೂ ಬರೆದಿಲ್ಲ!" ಆಮೇಲೆ ಅಲ್ಲೇ ಕುಸಿದು ಗೋಳೋ ಎಂದು ಅತ್ತರು. ನಮ್ಮವರು ಪೊಲೀಸರಿಗೆ ಫೋನ್ ಮಾಡಲು ಹೊರಟರು, ನಾನೇ ತಡೆದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಹೊಡೆಸಿಕೊಳ್ಳದೆ ಇನ್ನೇನು?

ಅಂಕಲ್ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಮಗನಿಗೂ ಈ ವಿಷಯ ಹೇಳಲಿಲ್ಲ. ಎರಡು ವರ್ಷಕ್ಕೆ ತೀರಿಹೋದರು...

ಮೊನ್ನೆ ಸೀರೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದೆ. ಅಪ್ಪನ ಹಳೇ ಮನೆಯ ಕೆಳಗೇ ಸುಡಬೇಕೆಂದು ಕಾಂಡೋದಿಂದ ಬಂದಿದ್ದವನು ಆ ಮಗನೇ. ಹಣೆಯ ಮೇಲೆ ಗಾಯದ ಗುರುತು. ಪೊಟ್ಟಣದ ಮೇಲೆ ಸೇರಬೇಕಾದವರ ಹೆಸರು ಬರೆಯಬೇಕಂತೆ.

"ಅಪ್ಪಂದು ಮಾತ್ರ ಗೊತ್ತು ಆಂಟಿ. ಉಳಿದೋರನ್ನ ನಾನೇ ಒಡೆದು ಹಾಕ್ದೆ ಅಲ್ವಾ."

ತಡೆಯಲಾಗಲಿಲ್ಲ. ಕಡಲಿಗೆ ಬಿಟ್ಟದ್ದೆಲ್ಲ ಹೇಳಿಬಿಟ್ಟೆ. ಹೊಡೆಯಲಿ ಅಂತಲೇ ನಿಂತೆ. ಅವನು ಹೊಡೆಯಲಿಲ್ಲ. ಹೆಸರಿಲ್ಲದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟ.

"ನೀವೇ ಹಾಕಿ ಆಂಟಿ. ಹಾಕೋವಾಗ ಹೆಸರು ಹಿಡಿದು ಕರೀಬೇಕು."

ಬಾಯಿ ತೆರೆದೆ. ಯಾರನ್ನು ಕರೆಯಲಿ?