ಬಾಳೆಹಣ್ಣಿಗೆ ಬಂದ ಬಿಳಿಗಣ್ಣಿನ ನೊಣ

ಶಕುನ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನು. ಈಗಲೂ ನಗುತ್ತೇನೆ, ಸ್ವಲ್ಪ ಮೆಲ್ಲಗೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ಹೇಳಿಬಿಡುತ್ತೇನೆ.

ಆಗ ಶಿಕಾಗೋ ಪಕ್ಕದ ಲೊಂಬಾರ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಅಪ್ಪ ಅಮ್ಮನ ಜೊತೆಗಿದ್ದು, ಶಿಕಾಗೋದಲ್ಲಿ ಬಯಾಲಜಿ ಓದುತ್ತಿದ್ದೆ. ಜೆನೆಟಿಕ್ಸ್‌ನಲ್ಲಿ ಒಮ್ಮೆ ಫೇಲಾಗಿದ್ದೆ. ತಂದೆಯಿಂದ ಮಾತ್ರ ಬರುವ ವೈ ಕ್ರೋಮೋಸೋಮ್ ತಾಯಿಯಿಂದ ಬರುತ್ತದೆ ಎಂದು ಬರೆದ ಮಹಾನುಭಾವ ನಾನೇ. ನಮ್ಮ ಮನೆಯಲ್ಲಿ ಎಲ್ಲವೂ ಅಮ್ಮನಿಂದಲೇ ಬರುವುದರಿಂದ ಅನುಮಾನವೇ ಹುಟ್ಟಲಿಲ್ಲ. ಇನ್ನೊಮ್ಮೆ ಫೇಲಾದರೆ ಬಯಾಲಜಿಯನ್ನೇ ಬಿಡಬೇಕಿತ್ತು.

ಸೋಮವಾರ ಪರೀಕ್ಷೆ. ನಾನು ಪಾಸಾಗಲೆಂದು ಅಮ್ಮ ಹರಕೆ ಹೊತ್ತ ಸತ್ಯನಾರಾಯಣ ಪೂಜೆ ಭಾನುವಾರ. ಪ್ರಸಾದದ ಸಜ್ಜಿಗೆಗೆ ಚೆನ್ನಾಗಿ ಕಳಿತ ಹಣ್ಣೇ ಆಗಬೇಕೆಂದು ವಾರದ ಮುಂಚೆಯೇ ಬಾಳೆಹಣ್ಣು ತಂದು ಊಟದ ಮೇಜಿನ ಮೇಲಿಟ್ಟಿದ್ದಳು. ಪುಟ್ಟ ಹಣ್ಣುನೊಣಗಳು ಮುತ್ತಿಕೊಂಡಿದ್ದವು. ಶನಿವಾರ ಮಧ್ಯಾಹ್ನ ಅದೇ ಮೇಜಿನಲ್ಲಿ ಓದುತ್ತಿದ್ದೆ. ಅಂದರೆ, ಪುಸ್ತಕ ತೆರೆದಿಟ್ಟು ಚಕ್ಕುಲಿ ತಿನ್ನುತ್ತಿದ್ದೆ.

"ನೀನು ಓದೋದು ಇವುಗಳ ಬಗ್ಗೇನೇ ತಾನೆ? ಆಚೆ ಹೋಗಿ ಅಂತ ನೀನೇ ಹೇಳೋ," ಎಂದು ಅಮ್ಮ ಟವಲು ಬೀಸಿದಳು.

"ನನ್ನ ಮಾತು ಎಲ್ಲಿ ಕೇಳ್ತವಮ್ಮ? ನಾನು ಫೇಲ್ ಅಂತ ಇವಕ್ಕೂ ಗೊತ್ತು."

ಟವಲಿನ ಗಾಳಿಗೆ ಹಾಳೆಗಳು ಮಗುಚಿಕೊಂಡವು. ನೊಣಗಳೆಲ್ಲ ಹಾರಿದವು. ಒಂದು ಮಾತ್ರ ಪುಸ್ತಕದ ಮೇಲೆ ಬಂದು ಕೂತಿತು. ಆ ಪುಟದಲ್ಲಿದ್ದದ್ದು ನಾನು ತೆರೆದೇ ನೋಡಿರದ ಪಾಠ. ಉಳಿದ ಪುಟಗಳಿಗೆಲ್ಲ ಚಟ್ನಿ, ಉಪ್ಪಿನಕಾಯಿಯ ಕಲೆ. ಈ ಪುಟ ಮಾತ್ರ ಹೊಚ್ಚ ಹೊಸದು. ನೊಣಕ್ಕೆ ಅಲ್ಲಿ ತಿನ್ನಲು ಏನೂ ಇರಲಿಲ್ಲ. ಆದರೂ ಓಡಿಸಿದಷ್ಟು ಸಲವೂ ಬಂದು ಆ ಪುಟದ ಒಂದೇ ಲೆಕ್ಕದ ಮೇಲೆ ಕೂರುತ್ತಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. "ಲೋ, ಇದರ ಕಣ್ಣು ಬೆಳ್ಳಗಿದೆ ಕಣೋ!"

ಫೋನಿನ ಕ್ಯಾಮೆರಾ ಝೂಮ್ ಮಾಡಿದೆ. ನಿಜ, ಹಾಲಿನಂಥ ಬಿಳಿ. ಮನೆಗೆ ಬರುವ ಹಣ್ಣುನೊಣಗಳ ಕಣ್ಣು ಕೆಂಪಗಿರುತ್ತದೆ.

"ಹೊಡೀಬೇಡ. ಅದೇನು ತೋರಿಸ್ತಿದೆಯೋ ಮೊದಲು ಓದು," ಅಂದಳು ಅಮ್ಮ.

ಓದಿದೆ. ತಾಯಿನೊಣಕ್ಕೆ ಬಿಳಿಗಣ್ಣು, ತಂದೆಗೆ ಕೆಂಪು, ಮರಿಗಳಿಗೆ ಯಾವುದು? ನೊಣಗಳೇ ನಾಚುವಷ್ಟು ಸಲ ತಪ್ಪು ಮಾಡಿ, ಕೊನೆಗೆ ಹಿಡಿದೆ: ಗಂಡುಗಳೆಲ್ಲ ತಾಯಿಯ ಹಾಗೆ, ಹೆಣ್ಣುಗಳೆಲ್ಲ ಕೆಂಪು. ತಲೆ ಎತ್ತಿದಾಗ ನೊಣ ಇರಲಿಲ್ಲ.

ಪರೀಕ್ಷೆಯ ದೊಡ್ಡ ಪ್ರಶ್ನೆ ಅದೇ ಆಗಿತ್ತು. ಕುಣಿದಾಡುವಷ್ಟು ಅಂಕ ಬರಲಿಲ್ಲ, ಆದರೆ ಪಾಸಾದೆ. ಕುಣಿದದ್ದಂತೂ ನಿಜ.

ಆ ನೊಣ ಕಾಲೇಜಿನ ಲ್ಯಾಬಿನಿಂದ ನನ್ನ ಬಟ್ಟೆಗೆ ಅಂಟಿಕೊಂಡು ಬಂದಿರಬೇಕು ಎಂದುಕೊಂಡೆ. ಲ್ಯಾಬ್ ನೋಡಿಕೊಳ್ಳುವ ಸೀನಿಯರ್ ಹುಡುಗಿಯನ್ನು ಕೇಳಿದರೆ, ಆ ಸೆಮಿಸ್ಟರ್ ಇದ್ದದ್ದು ಸುರುಳಿ ರೆಕ್ಕೆಯ ನೊಣಗಳು ಮಾತ್ರ, ಎಲ್ಲದರ ಕಣ್ಣೂ ಕೆಂಪು ಎಂದಳು. ಬಿಳಿಗಣ್ಣು ತಾನಾಗಿಯೂ ಹುಟ್ಟಬಹುದಂತೆ, ತೀರಾ ಅಪರೂಪಕ್ಕೆ. ಆ ಅಪರೂಪ ನಮ್ಮ ಮನೆಗೇ, ಆ ಶನಿವಾರವೇ, ಆ ಪುಟಕ್ಕೇ ಯಾಕೆ ಬಂತು?

ಈಗ ನಾನೂ ಅದೇ ಲ್ಯಾಬಿನಲ್ಲಿ ನೊಣ ಸಾಕುತ್ತೇನೆ. ಅಮ್ಮ ಪ್ರತಿ ಪೂಜೆಗೂ ಒಂದು ಬಾಳೆಹಣ್ಣನ್ನು ಕಿಟಕಿಯ ಬಳಿ ಬೇರೆಯಾಗಿಯೇ ಇಡುತ್ತಾಳೆ. ನಾನು ಅವಳನ್ನು ರೇಗಿಸುತ್ತಲೇ ಹೋಗಿ, ಬಗ್ಗಿ, ಒಂದೊಂದು ನೊಣದ ಕಣ್ಣನ್ನೂ ನೋಡಿ ಬರುತ್ತೇನೆ. ಇದುವರೆಗೆ ಎಲ್ಲವೂ ಕೆಂಪೇ.