ಕುರಿಯ ಮೂಗು, ಗಂಡನ ಮೂಗು

ನಮ್ಮ ಯಜಮಾನರ ಮೂಗು ಕಟ್ಟಿ, ವಾಸನೆ ಪೂರಾ ಹೋಗಿಬಿಟ್ಟಿತ್ತು. ಯಲ್ಲದಕೆರೆಯಲ್ಲಿ ಯಾರಿಗೆ ಹೇಳಿದರೂ, 'ಮೂಗು ಇರೋ ತನಕ ನೆಗಡಿ ತಪ್ಪಲ್ಲ ಬಿಡವ್ವ' ಅನ್ನುವವರೇ. ಅವರಿಗೇನು? ಉಣ್ಣುವಾಗ ಎದುರಿಗೆ ಕೂರುವವಳು ನಾನು. ಹುರುಳಿಕಾಳಿನ ಬಸ್ಸಾರು ಬಡಿಸಿದರೂ ಅಷ್ಟೇ, ಬಿಸಿನೀರು ಬಡಿಸಿದರೂ ಅಷ್ಟೇ. ಅರ್ಧ ಮುದ್ದೆ ನುಂಗಿ ಕೈ ತೊಳೆಯುತ್ತಿದ್ದರು. ನೋಡನೋಡುತ್ತಾ ಅಂಗಿ ಸಡಿಲವಾಯಿತು. ಅದನ್ನು ಕಂಡು ನಾನೇ ಆಸ್ಪತ್ರೆಗೆ ಹೊರಡಿಸಿದೆ.

ಹಿರಿಯೂರಿನ ಡಾಕ್ಟರಮ್ಮ ಮೂಗಿಗೆ ಒಂದು ಸ್ಪ್ರೇ ಕೊಟ್ಟರು. ಒಳಗೆಲ್ಲಾ ಊದಿಕೊಂಡಿದೆ, ದಿನಾ ಹೊಡೆದುಕೊಂಡರೆ ಊತ ಇಳಿದು ವಾಸನೆ ಬರಬಹುದು ಎಂದರು. ಹೊಡೆದುಕೊಳ್ಳುವ ರೀತಿ ತೋರಿಸಲು ಹೊರಟರೆ ಇವರು, 'ಗೊತ್ತೈತೆ ತಾಯಿ, ಎಷ್ಟು ಕುರಿ ಮೂಗಿಗೆ ಔಷಧಿ ಬಿಟ್ಟಿಲ್ಲ!' ಎಂದು ಎದ್ದೇಬಿಟ್ಟರು.

ಕುರಿಯ ಮೂಗಿನಲ್ಲಿ ಹುಳು ಬಿದ್ದರೆ ನಮ್ಮ ಕಡೆ ಅದನ್ನು ತೊಡೆಗಳ ನಡುವೆ ಹಿಡಿದು, ಮೂತಿ ಮೇಲೆತ್ತಿ, ಸೊಪ್ಪಿನ ರಸ ಬಿಡುತ್ತಾರೆ. ಸೀನಿದರೆ ಹುಳು ಹೊರಗೆ. ಇವರೂ ಹಾಗೇ ಮಾಡಿದರು. ಕಂಬಕ್ಕೆ ಒರಗಿ, ಗದ್ದ ಸೂರಿನ ಜಂತೆಯ ಕಡೆಗೆತ್ತಿ, ಪುಸ್ ಪುಸ್ ಎಂದು ಹೊಡೆದು, ಗೊರ್ ಎಂದು ಜೋರಾಗಿ ಎಳೆದು, ಸೀನಿಗೆ ಕಾಯುತ್ತಾ ಕೂರುತ್ತಿದ್ದರು. ಸೀನು ಎಲ್ಲಿ ಬರಬೇಕು! ಗಂಟಲೆಲ್ಲಾ ಕಹಿಯಾಯಿತು, ಒಂದು ದಿನ ರಕ್ತವೂ ಬಂತು. 'ಇದು ಬರೀ ನೀರು, ಬಿಸಾಕು ಅತ್ಲಾಗೆ' ಎಂದರು. ನನಗೆ ರೇಗಿತು. ಇವರನ್ನು ಎಳೆದುಕೊಂಡು ಮತ್ತೆ ಹಿರಿಯೂರಿಗೆ ಹೋದೆ.

'ಎಲ್ಲಿ, ಹೊಡ್ಕೊಳ್ಳಿ ನೋಡೋಣ' ಎಂದರು ಡಾಕ್ಟರಮ್ಮ. ಇವರು ಕುರ್ಚಿಯಲ್ಲೇ ಗದ್ದ ಮೇಲೆತ್ತಿದರು. ಆಕೆಗೆ ನಗು ತಡೆಯಲಾಗಲಿಲ್ಲ.

'ಮೂಗು ನೆಟ್ಟಗಿರೋ ಕೊಳವೆ ಅಲ್ಲ ಯಜಮಾನ್ರೇ. ನಡುವೆ ಗೋಡೆ ಇದೆ, ಹೊರಪಕ್ಕದಲ್ಲಿ ಮಡಿಕೆ ಮಡಿಕೆಯಾಗಿ ಮೆತ್ತಗಿನ ಮಾಂಸ ಇದೆ. ಊದಿರೋದು ಅಲ್ಲಿ. ತಲೆ ಹಿಂದಕ್ಕೆ ಹಾಕಿ ಜೋರಾಗಿ ಎಳೆದ್ರೆ ಔಷಧಿ ಅಲ್ಲಿ ನಿಲ್ಲದೆ ಗಂಟಲಿಗೆ ಇಳಿಯುತ್ತೆ. ನಡುವಿಗೆ ಹೊಡೆದ್ರೆ ಗೋಡೆಗೆ ಬಡಿದು ರಕ್ತ ಬರುತ್ತೆ. ನಿಮ್ಮ ಮೂಗಿನ ಗೋಡೆ ಒಂದು ಕಡೆಗೆ ವಾಲಿದೆ ಬೇರೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಸ್ಪ್ರೇ ತುದಿ ಆಯಾ ಪಕ್ಕದ ಕಿವಿ ಕಡೆಗಿರಲಿ. ಮೆಲ್ಲಗೆ ಉಸಿರು ಎಳ್ಕೊಂಡ್ರೆ ಸಾಕು.'

'ಕುರಿಗೆ ಹಂಗೆ ಬಗ್ಸಿದ್ರೆ ಎಲ್ಲಾ ಸುರಿದು ಹೋಗ್ತೈತಲ್ಲ ತಾಯಿ?'

'ಅಯ್ಯೋ, ನಾನು ಹೇಳ್ತಿರೋದು ನಿಮಗೆ!'

ಅಂದಿನಿಂದ ಕಾವಲು ನನ್ನದು. ಊರ ಪಂಚಾಯಿತಿಯಲ್ಲೂ ತಲೆ ಬಗ್ಗಿಸದ ಗಂಡಸು ದಿನಾ ಬೆಳಗ್ಗೆ ನನ್ನ ಮುಂದೆ ಬಗ್ಗಿಸಬೇಕಾಯಿತು. 'ಇನ್ನೊಂಚೂರು ಬಗ್ಗಿಸ್ರಿ' ಎಂದರೆ, 'ಲೇ, ಕಾಲಿಗೆ ಬೀಳ್ಲೇನೇ?' ಎಂದು ಗುರುಗುಟ್ಟುತ್ತಿದ್ದರು. ಪಾಪ, ಆದರೂ ಒಂದು ದಿನವೂ ತಪ್ಪಿಸಲಿಲ್ಲ. ವಾರಗಳು ಕಳೆದವು. ವಾಸನೆ ಬರದೇ ಹೋದರೆ ಈ ಮನುಷ್ಯ ಹೀಗೇ ಸೊರಗಿ ಹೋಗುತ್ತಾರಲ್ಲ ಎಂದು ಒಳಗೊಳಗೇ ಹೆದರುತ್ತಿದ್ದೆ.

ಒಂದು ಬೆಳಗ್ಗೆ ಕುರಿ ಕೂಡುವ ರೊಪ್ಪಕ್ಕೆ ಹೊರಟವರು ಕಂಬಳಿ ಹೆಗಲಿಗೆ ಹಾಕಿ ತಟ್ಟನೆ ನಿಂತರು. ಅದನ್ನು ಮೂಗಿಗೆ ಹಿಡಿದು ಮುಖ ಕಿವುಚಿದರು. ತಮ್ಮ ತೋಳನ್ನೂ ಮೂಸಿ ನೋಡಿಕೊಂಡರು.

'ಥೂ! ನಾನು ಹಿಂಗೆ ನಾರ್ತೀನೇನೇ? ಇಷ್ಟು ವರ್ಷ ಹೆಂಗೆ ಮಲಗಿದ್ಯೇ ನನ್ನ ಪಕ್ಕ?'

ವಾಸನೆ ಬಂದಿತ್ತು! ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. 'ನೀವು ಕುರಿ ಹಿಂದೆ ಹೋಗಿ ಊರಲ್ಲಿ ಇಲ್ದಾಗ, ಆ ವಾಸನೆ ಇಲ್ದೆ ನಂಗೆ ನಿದ್ದೆ ಹತ್ತಲ್ಲ ಕಣ್ರಿ' ಎಂದುಬಿಟ್ಟೆ. ಅಷ್ಟು ವರ್ಷದ ಸಂಸಾರದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.